ಅಟ್ಟದ ಮೇಲಿನ ದಾಸ್ತಾನು

2025ರ ಯುಗಾದಿ ಕೂಟದ ದಿನ. ಊಟವಾಗಿತ್ತು, ಹೋಳಿಗೆಯ ತಟ್ಟೆ ಬರಿದಾಗಿತ್ತು, ಮಕ್ಕಳು ವೇದಿಕೆಯ ಪರದೆಯ ಹಿಂದೆ ಯುದ್ಧ ಹೂಡಿದ್ದರು. ಕಾಫಿ ಲೋಟ ಹಿಡಿದು ಮೂಲೆಯಲ್ಲಿ ನಿಂತಿದ್ದ ನಾಲ್ಕಾರು ಮಂದಿಯ ನಡುವೆ ಒಂದು ಚರ್ಚೆ ಎದ್ದಿತು. ಪ್ರತಿಯೊಂದು ಮನೆಯವರೂ ಹೊರಗಿನ ನೆರವಿಲ್ಲದೆ ಕನಿಷ್ಠ 72 ಗಂಟೆ ಬದುಕಲು ಬೇಕಾದ ಸಾಮಾನು ಇಟ್ಟುಕೊಂಡಿರಬೇಕೆಂದು ಐರೋಪ್ಯ ಒಕ್ಕೂಟವು ಮಾರ್ಚ್ 26ರಂದು ಸಲಹೆ ಮಾಡಿತ್ತು. ಅದಕ್ಕೆ ಎರಡು ತಿಂಗಳ ಹಿಂದೆ ಎಯೋವಿನ್ ಬಿರುಗಾಳಿ ನಮ್ಮೆಲ್ಲರನ್ನೂ ಅಲುಗಿಸಿ ಹೋಗಿತ್ತು. ಹೀಗಾಗಿ ಮಾತಿಗೆ ಬಿಸಿ ಏರಲು ಹೊತ್ತು ಹಿಡಿಯಲಿಲ್ಲ.

ಮಿತ್ರರೊಬ್ಬರು ತಗ್ಗಿದ ದನಿಯಲ್ಲಿ ಒಂದು ಗುಟ್ಟು ಹೇಳಿದರು. ಅವರ ಮನೆಯ ಅಟ್ಟದ ಮೇಲೆ ಇಪ್ಪತ್ತು ಬಾಟಲಿ ವಿಸ್ಕಿ, ಒಂದು ಪೆಟ್ಟಿಗೆ ಸಿಗರೇಟು, ಮೂವತ್ತು ಕಿಲೋ ಉಪ್ಪು ಮತ್ತು ಬ್ಯಾಟರಿ ಸೆಲ್ಲುಗಳ ರಾಶಿ ಇದೆಯಂತೆ. ಈ ಮಹಾನುಭಾವರು ಕುಡಿಯುವವರಲ್ಲ, ಸೇದುವವರೂ ಅಲ್ಲ. “ಇವು ನಮಗಲ್ಲ ಸ್ವಾಮಿ, ಸಾಟಿ ವ್ಯಾಪಾರಕ್ಕೆ. ಎಲ್ಲ ಕುಸಿದುಬಿದ್ದು ಯೂರೋ ನೋಟು ಬರೀ ಕಾಗದವಾದ ದಿನ, ಒಂದು ಬಾಟಲಿಗೆ ಒಂದು ಮೂಟೆ ಆಲೂಗಡ್ಡೆ ಬರುತ್ತೆ, ನೋಡ್ತಾ ಇರಿ” ಎಂದರು. ಪಕ್ಕದಲ್ಲೇ ಇದ್ದ ಅವರ ಶ್ರೀಮತಿಯವರು, “ನಮ್ಮತ್ತೆ ಊರಿಂದ ಬಂದಾಗ ಆ ಅಟ್ಟದ ಏಣಿ ಮುಚ್ಚಿಡೋದೇ ನನಗೆ ದೊಡ್ಡ ಕೆಲಸವಾಯ್ತು” ಎಂದದ್ದಕ್ಕೆ ಎಲ್ಲರೂ ನಕ್ಕೆವು.

ನಕ್ಕೆವು ನಿಜ. ಆದರೆ ಗಾಲ್ವೇಗೆ ಹಿಂದಿರುಗುವ ದಾರಿಯಲ್ಲಿ ಕಾರಿನಲ್ಲಿ ನಾವಿಬ್ಬರೂ ಅದನ್ನೇ ಮಾತಾಡಿದೆವು. ನಗುವವರ ನಡುವೆ ಆ ಮಿತ್ರರೊಬ್ಬರೇ ಬುದ್ಧಿವಂತರಾಗಿದ್ದರೆ? ನಮಗೆ ಇಲ್ಲಿ ಹೊಲವಿಲ್ಲ, ಅಣ್ಣತಮ್ಮಂದಿರಿಲ್ಲ, ಮಾವನ ಮನೆಯ ಕಣಜವಿಲ್ಲ. ಕಷ್ಟ ಬಂದರೆ ಕೈಯಲ್ಲಿ ಬದಲಿಗೆ ಕೊಡುವ ಒಂದು ವಸ್ತುವಾದರೂ ಇರಬೇಡವೇ? ಅಂದಿನಿಂದ ಈ ವಿಷಯವಾಗಿ ಓದಿದ್ದನ್ನೂ, ನಾವೇ ಕಂಡದ್ದನ್ನೂ ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ಮಿತ್ರರ ಪಕ್ಷವನ್ನೇ ಹಿಡಿದು ನೋಡೋಣ. ಅವರ ಮಾತಿಗೆ ಆಧಾರ ಬೇಕಾದರೆ ಈ ದೇಶದಲ್ಲೇ ಇದೆ. ಎರಡನೆಯ ಮಹಾಯುದ್ಧವನ್ನು ಐರ್ಲೆಂಡಿನವರು ಯುದ್ಧವೆಂದು ಕರೆಯಲಿಲ್ಲ, ‘ಎಮರ್ಜೆನ್ಸಿ’ ಎಂದರು. ದೇಶ ತಟಸ್ಥವಾಗಿತ್ತು, ಆದರೆ ಹೊಟ್ಟೆ ತಟಸ್ಥವಾಗಿರಲಾರದಷ್ಟೆ! ಚಹಾ ಬರುತ್ತಿದ್ದುದು ಬ್ರಿಟನ್ನಿನ ಮೂಲಕ. ಅವರು ಕೈ ಬಿಗಿಹಿಡಿದರು. 1941ರಲ್ಲಿ ಪಡಿತರ ಇಳಿಯುತ್ತ ಇಳಿಯುತ್ತ ತಲೆಗೆ ವಾರಕ್ಕೆ ಅರ್ಧ ಔನ್ಸಿಗೆ ಬಂತು. ಅರ್ಧ ಔನ್ಸೆಂದರೆ 14 ಗ್ರಾಂ; ಇಂದಿನ ಲೆಕ್ಕದಲ್ಲಿ ಐದಾರು ಟೀ ಬ್ಯಾಗು. ಸರಬರಾಜು ಮಂತ್ರಿಯಾಗಿದ್ದ ಶಾನ್ ಲೆಮಾಸರಿಗೆ ಜನ ‘ಅರ್ಧ ಔನ್ಸ್ ಲೆಮಾಸ್’ ಎಂದೇ ಹೆಸರಿಟ್ಟರು. ಗಡಿಯಾಚೆ ಉತ್ತರ ಐರ್ಲೆಂಡಿನಲ್ಲಿ ಪಡಿತರ ಚಹಾ ವಾರಕ್ಕೆ ಎರಡು ಔನ್ಸು. ಅಲ್ಲಿ ಕೊರತೆಯಿದ್ದದ್ದು ಬೆಣ್ಣೆಗೆ, ಮಾಂಸಕ್ಕೆ. ಇನ್ನೇನು? ಬೆಣ್ಣೆ ಉತ್ತರಕ್ಕೆ ಹೋಯಿತು, ಚಹಾ ದಕ್ಷಿಣಕ್ಕೆ ಬಂತು. ಕೋಟಿನ ಒಳಗೆ, ಹೆಂಗಸರ ಲಂಗದ ಮಡಿಕೆಯಲ್ಲಿ, ರೈಲಿನ ಆಸನದ ಕೆಳಗೆ. 1939ರಲ್ಲಿ ಹತ್ತು ಪೆಟ್ಟಿಗೆ ಚಹಾ ಅಟ್ಟಕ್ಕೇರಿಸಿದ್ದವನು 1941ರಲ್ಲಿ ಧನಿಯಾಗಿಬಿಡುತ್ತಿದ್ದ. ಇದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಚಹಾ ಎಂದು ಅವನಿಗೆ ಮೊದಲೇ ಹೇಳುವವರು ಯಾರು? ಅಭಾವಕ್ಕೆ ಪಂಚಾಂಗವಿಲ್ಲ. 2018ರ ಮಾರ್ಚಿನಲ್ಲಿ ಹಿಮ ಬಿದ್ದಾಗ ಅಂಗಡಿಗಳಲ್ಲಿ ಮಾಯವಾದದ್ದು ಬ್ರೆಡ್ಡು. 2020ರಲ್ಲಿ ಮುಖಗವಸು ಮತ್ತು ಶೌಚದ ಕಾಗದ. ಎಯೋವಿನ್ ಬಂದಾಗ ಎಲ್ಲರೂ ಹುಡುಕಿದ್ದು ಜನರೇಟರು ಮತ್ತು ಗ್ಯಾಸ್ ಡಬ್ಬಿ. ನಾವೂ 2020ರಲ್ಲಿ ಗಾಬರಿಬಿದ್ದು ನಾಲ್ಕು ಮೂಟೆ ಸೋನಾ ಮಸೂರಿ ತಂದೆವು. ಅಕ್ಕಿಗೆ ಯಾವ ಬರವೂ ಬರಲಿಲ್ಲ, ಹುಳು ಬಂತು. ಈ ದೇಶದ ತೇವದಲ್ಲಿ ಅಟ್ಟವೆಂಬುದು ನಮ್ಮ ಊರಿನ ಹೊಗೆ ತಾಗಿದ ಅಟ್ಟವಲ್ಲ ಎಂಬ ತಿಳಿವಳಿಕೆ ನಮಗೆ ಎರಡು ಮೂಟೆ ಅಕ್ಕಿಯ ಬೆಲೆಗೆ ಬಂತು.

ಸಿಗರೇಟಿನ ವಿಷಯಕ್ಕೂ ಒಂದು ಪ್ರಸಿದ್ಧ ದೃಷ್ಟಾಂತವಿದೆ. ಯುದ್ಧಕೈದಿಯಾಗಿ ಇಟಲಿ, ಜರ್ಮನಿಗಳ ಶಿಬಿರಗಳಲ್ಲಿದ್ದ ಆರ್. ಎ. ರ‍್ಯಾಡ್‌ಫರ್ಡ್ ಎಂಬ ಅರ್ಥಶಾಸ್ತ್ರಜ್ಞರು 1945ರಲ್ಲಿ ಆ ಶಿಬಿರದ ವ್ಯಾಪಾರವನ್ನು ಕುರಿತು ಒಂದು ಲೇಖನ ಬರೆದರು. ಅಲ್ಲಿ ಸಿಗರೇಟೇ ನಾಣ್ಯ; ಬ್ರೆಡ್ಡು, ಜಾಮು, ಅಂಗಿ ಒಗೆಯುವ ಕೂಲಿ ಎಲ್ಲಕ್ಕೂ ಸಿಗರೇಟಿನಲ್ಲೇ ಬೆಲೆ. ಆದರೆ ರೆಡ್ ಕ್ರಾಸಿನ ಹೊಸ ಪೊಟ್ಟಣ ಬಂದ ದಿನ ಬೆಲೆಗಳು ಏರುವವು. ಬಾಂಬು ಬೀಳುವ ರಾತ್ರಿ ಮನಸ್ಸು ಕಳವಳಗೊಂಡ ಜನ ನಾಣ್ಯವನ್ನೇ ಸೇದಿ ಮುಗಿಸುವರು, ಬೆಲೆಗಳು ಬೀಳುವವು. ಅದೇ ಲೇಖನದಲ್ಲಿ ಇನ್ನೊಂದು ಸಂಗತಿ ನಮ್ಮ ಗಮನ ಸೆಳೆಯಿತು. ಉರ್ದು ಬಲ್ಲ ಒಬ್ಬ ಕೈದಿ ಶಿಬಿರದ ಸಿಖ್ಖರಿಗೆ ಬೆಣ್ಣೆ, ಜಾಮು ಕೊಟ್ಟು ಅವರಿಂದ ಮಾಂಸದ ಡಬ್ಬಿಗಳನ್ನು ಕೊಂಡು ಲಾಭ ಮಾಡಿದನಂತೆ. ಬೆಣ್ಣೆ, ಜಾಮು ಎಲ್ಲರ ಬಳಿಯೂ ಇತ್ತು. ಅವನ ಬಳಿ ಹೆಚ್ಚಿಗೆ ಇದ್ದದ್ದು ಪಕ್ಕದವರ ಭಾಷೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇವೆಲ್ಲ ಒಂದೆರಡು ಪದಾರ್ಥಗಳ ಅಭಾವದ ಕಥೆ. ನಿಜವಾದ ಕುಸಿತ ಹೇಗಿರುತ್ತದೆಂದು ತಿಳಿಯಲು ಎರಡು ಬರಗಾಲಗಳನ್ನು ನೋಡಬೇಕು. ಒಂದು ಇಲ್ಲಿಯದು, ಒಂದು ನಮ್ಮದು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಆರಂಭವಾದ ಇಲ್ಲಿಯ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿಯ ಕ್ಲಾಡಾ ಎಂಬ ಬೆಸ್ತರ ಕೇರಿಯಲ್ಲಿ, ಮೀನುಗಾರರು ತಮ್ಮ ಬಲೆಗಳನ್ನೇ ಅಡವಿಟ್ಟು ಹಿಟ್ಟು ಕೊಂಡರು. ಆಮೇಲೆ ಸಮುದ್ರ ಎದುರಿಗಿದ್ದೂ ಬಲೆಯಿಲ್ಲ. 1876-78ರ ಬರದಲ್ಲಿ ನಮ್ಮ ಮೈಸೂರು ಸಂಸ್ಥಾನದ ಗತಿ ಏನಾಯಿತೆಂದರೆ, 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಎರಡು ಕಡೆಯೂ ಒಂದೇ ಕಥೆ. ಹಸಿದವರೆಲ್ಲರೂ ಒಂದೇ ಸಲ ಬಟ್ಟೆ, ಪಾತ್ರೆ, ಬೆಳ್ಳಿಯ ಕಾಲ್ಗಡಗ ಹೊತ್ತು ಪೇಟೆಗೆ ಬಂದರೆ ಅವಕ್ಕೆ ಬೆಲೆ ಎಲ್ಲಿಂದ ಬರಬೇಕು? ಧಾನ್ಯದ ಬೆಲೆ ಆಕಾಶಕ್ಕೆ, ಪಾತ್ರೆಯ ಬೆಲೆ ಪಾತಾಳಕ್ಕೆ. ಬದಲಿಗೆ ಕೊಡಲೆಂದು ಇಟ್ಟ ವಸ್ತು, ಬದಲಿಗೆ ಕೊಡಬೇಕಾದ ದಿನವೇ ಅಗ್ಗವಾಗುತ್ತದೆ.

“ಸರಿ, ಧಾನ್ಯವನ್ನೇ ಇಟ್ಟರಾಯಿತಲ್ಲ” ಎನ್ನಬಹುದು. ಇಟ್ಟವರೂ ಇದ್ದರು. ನಮ್ಮ ಬಯಲುಸೀಮೆಯ ಹಗೇವುಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ನೆಲದಡಿಯ ಆಳವಾದ ಗುಂಡಿಯಲ್ಲಿ ರಾಗಿ ತುಂಬಿ, ಹುಲ್ಲು ಹಾಸಿ, ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದೊಡನೆ ಇಳಿದವನು ಕೆಟ್ಟ ಗಾಳಿಗೆ ಸಾಯಬಹುದೆಂದು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಆ ರಾಗಿ ಎಷ್ಟೋ ಊರುಗಳನ್ನು ಉಳಿಸಿದೆ. ಎಷ್ಟೋ ಕಡೆ ಸವಾಯಿ ಲೆಕ್ಕದಲ್ಲಿ ಸಾಲವಾಗಿ ಹೋಗಿ ಬಡವನ ಹೊಲವನ್ನು ನುಂಗಿಯೂ ಇದೆ. ಇಲ್ಲಿಯೂ ಹಾಗೆಯೇ. ಕ್ಷಾಮದಲ್ಲಿ ಹಿಟ್ಟನ್ನು ದುಬಾರಿ ಬೆಲೆಗೆ ಸಾಲ ಕೊಟ್ಟು, ಬಡ್ಡಿಯ ಮೇಲೆ ಬಡ್ಡಿ ಹಾಕಿ ಬೆಳೆದ ಅಂಗಡಿಯವನಿಗೆ ‘ಗೊಂಬೀನ್ ಮ್ಯಾನ್’ ಎಂದು ಹೆಸರು. ಬಡ್ಡಿ ಎಂಬರ್ಥದ ಐರಿಷ್ ಮಾತಿನಿಂದ ಬಂದ ಪದ. ಒಂದೂ ಮುಕ್ಕಾಲು ಶತಮಾನ ಕಳೆದರೂ ಇಂದಿಗೂ ಇಲ್ಲಿ ರಾಜಕಾರಣಿಯನ್ನು ಬೈಯಬೇಕಾದರೆ ಆ ಪದ ಸಾಕು. ದಾಸ್ತಾನಿನಿಂದ ಲಾಭ ಮಾಡಿದವನನ್ನು ಊರು ಮರೆಯುವುದಿಲ್ಲ. ಹೊರಗಿನಿಂದ ಬಂದು ನೆಲೆಸಿರುವ ನಾವು, ಹಸಿದ ನೆರೆಯವನಿಗೆ ಅಟ್ಟದಿಂದ ಬಾಟಲಿ ಇಳಿಸಿ ಅವನ ಆಲೂಗಡ್ಡೆ ಮೂಟೆ ಪಡೆದುಕೊಂಡರೆ, ಮರುವರ್ಷ ಅದೇ ಬೀದಿಯಲ್ಲಿ ನಮ್ಮ ಮಕ್ಕಳು ತಲೆಯೆತ್ತಿ ನಡೆಯುವುದು ಹೇಗೆ? ಈ ಪ್ರಶ್ನೆಯನ್ನು ನಾವು ಮಿತ್ರರ ಮುಂದೆ ಇಟ್ಟಿದ್ದೇವೆ.

ಹಾಗಾದರೆ ಹಣ ನಿಂತ ದಿನ ವ್ಯವಹಾರ ನಡೆಯುವುದು ಯಾವುದರಿಂದ? ಇದಕ್ಕೂ ಉತ್ತರ ಐರ್ಲೆಂಡೇ ಕೊಟ್ಟಿದೆ. 1970ರ ಮೇ 1ರಿಂದ ನವೆಂಬರ್ 17ರವರೆಗೆ, ಆರೂವರೆ ತಿಂಗಳು, ನೌಕರರ ತಗಾದೆಯಿಂದಾಗಿ ಈ ದೇಶದ ದೊಡ್ಡ ಬ್ಯಾಂಕುಗಳೆಲ್ಲ ಬಾಗಿಲು ಮುಚ್ಚಿದ್ದವು. ಜನಸಂಖ್ಯೆ ಆಗ 30 ಲಕ್ಷಕ್ಕೆ ಸ್ವಲ್ಪ ಕಡಿಮೆ. ಸಂಬಳ ಬಟವಾಡೆಗೆ ನೋಟಿಲ್ಲ, ಚಿಲ್ಲರೆಯಿಲ್ಲ. ಸಾಟಿ ವ್ಯಾಪಾರ ಆರಂಭವಾಯಿತೆಂದು ಊಹಿಸಿದಿರಾ? ಇಲ್ಲ. ಜನ ಚೆಕ್ಕು ಬರೆದರು. ಬ್ಯಾಂಕೇ ಮುಚ್ಚಿರುವಾಗ ಚೆಕ್ಕಿನ ಹಿಂದೆ ಹಣವಿದೆಯೋ ಇಲ್ಲವೋ ನೋಡುವವರು ಯಾರು? ಪಬ್ಬಿನವನು ನೋಡಿದ, ಮೂಲೆಯಂಗಡಿಯವನು ನೋಡಿದ. ಒಬ್ಬ ಬರೆದ ಚೆಕ್ಕು ಬೆನ್ನಮೇಲೆ ರುಜುಗಳನ್ನು ಹೊತ್ತು ನಾಲ್ಕಾರು ಕೈ ದಾಟಿತು. ಟ್ರಿನಿಟಿ ಕಾಲೇಜಿನ ಆಂಟೊಯ್ನ್ ಮರ್ಫಿಯವರು 1978ರಲ್ಲಿ ಇದನ್ನು ಕುರಿತು ಬರೆದ ಪ್ರಬಂಧದಲ್ಲಿ, ದೇಶದ ಸುಮಾರು 11,000 ಪಬ್ಬುಗಳೂ 12,000 ಅಂಗಡಿಗಳೂ ಬ್ಯಾಂಕಿನ ಕೆಲಸ ಮಾಡಿದವೆಂದು ತೋರಿಸಿದ್ದಾರೆ. ವರ್ಷಗಟ್ಟಲೆ ಒಬ್ಬನಿಗೆ ಗ್ಲಾಸು ತುಂಬಿಸಿಕೊಟ್ಟವನಿಗೆ ಅವನ ಜೇಬಿನ ಆಳ ಗೊತ್ತಿರುವುದಿಲ್ಲವೇ ಎಂಬುದು ಅವರ ಮಾತಿನ ಭಾವ. ದೇಶ ಕುಸಿಯಲಿಲ್ಲ. ಬಾಗಿಲು ತೆರೆದ ಮೇಲೆ ಬೆಟ್ಟದಷ್ಟು ಚೆಕ್ಕುಗಳ ಲೆಕ್ಕ ಮುಗಿಸಲು ತಿಂಗಳುಗಳೇ ಹಿಡಿದವು, ಅಷ್ಟೆ.

ಇದನ್ನು ಓದಿ ನಮಗೆ ಸಂತೋಷವಾಯಿತು. ಹಿಂದೆಯೇ ಒಂದು ಅಳುಕೂ ಬಂತು. ಆ ವ್ಯವಸ್ಥೆ ನಡೆದದ್ದು ಪರಿಚಯದ ಮೇಲೆ. ಪರಿಚಯವಿಲ್ಲದವನ ಚೆಕ್ಕಿಗೆ ಏನು ಬೆಲೆ? 1970ರಲ್ಲಿ ನಮ್ಮವನೊಬ್ಬ ಈ ದೇಶದಲ್ಲಿ ಇಳಿದು ತಿಂಗಳಾಗಿದ್ದರೆ ಅವನ ಕೈಬರಹಕ್ಕೆ ಯಾರು ಅರ್ಧ ಸೇರು ಸಕ್ಕರೆ ಕೊಡುತ್ತಿದ್ದರು?

ಈ ಪ್ರಶ್ನೆಗೆ ಉತ್ತರವನ್ನು ನಾವು ಓದಿ ತಿಳಿಯಬೇಕಾಗಿರಲಿಲ್ಲ. ಕಣ್ಣಾರೆ ಕಂಡಿದ್ದೆವು. 2025ರ ಜನವರಿ 24, ಶುಕ್ರವಾರ, ಬೆಳಗಿನ ಜಾವ ಎಯೋವಿನ್ ಬಂತು. ನಮ್ಮ ಗಾಲ್ವೇ ಜಿಲ್ಲೆಯ ಮೇಸ್ ಹೆಡ್‌ನಲ್ಲಿ ಗಾಳಿಯ ವೇಗ ಗಂಟೆಗೆ 180 ಕಿಲೋಮೀಟರು ಮೀರಿ, 1945ರಿಂದ ನಿಂತಿದ್ದ ದಾಖಲೆಯನ್ನು ಮುರಿಯಿತು. ದೇಶದಲ್ಲಿ 7,68,000 ಮನೆ ಮತ್ತು ಕಚೇರಿ ಅಂಗಡಿಗಳಿಗೆ ವಿದ್ಯುತ್ ಹೋಯಿತು. ನಮ್ಮದು ಪೇಟೆಯ ಹೊರಗಿನ ಹಳ್ಳಿ. ನಮಗೆ ಎಂಟು ದಿನ ಕತ್ತಲೆ. ಬಾವಿಯ ಪಂಪು ವಿದ್ಯುತ್ತಿನದಾದ್ದರಿಂದ ನೀರೂ ಇಲ್ಲ. ಫೋನು ಮೂಕ. ಪಕ್ಕದ ಹೊಲದ ಯಜಮಾನರು, ಎಪ್ಪತ್ತು ದಾಟಿದವರು, ಮೊದಲ ದಿನವೇ ಗರಗಸ ಹಿಡಿದು ಬಂದು ನಮ್ಮ ದಾರಿಗೆ ಬಿದ್ದ ಮರ ಕಡಿದರು. ನಮ್ಮಲ್ಲಿ ಗ್ಯಾಸಿನ ಒಲೆಯಿತ್ತು, ಮದುವೆಮನೆಗೆ ಸಾಲುವ ಒಂದು ಬಾಣಲೆಯಿತ್ತು. ಮೂರು ಮನೆಯವರಿಗೂ ಸೇರಿಸಿ ಉಪ್ಪಿಟ್ಟು, ತಿಳಿಸಾರು ಅನ್ನ ಮಾಡಿದೆವು. ಆಚೆ ಮನೆಯವರ ಡೀಸೆಲ್ ಜನರೇಟರು ದಿನಕ್ಕೆರಡು ಗಂಟೆಯಂತೆ ಸರದಿಯಲ್ಲಿ ಎಲ್ಲರ ಪಂಪನ್ನೂ ಓಡಿಸಿತು. ಉಪ್ಪಿಟ್ಟಿಗೆ ಇಷ್ಟು, ನೀರಿಗೆ ಇಷ್ಟು ಎಂದು ಯಾರೂ ಲೆಕ್ಕ ಇಡಲಿಲ್ಲ. ಅಂಗಡಿಯಲ್ಲಿ ಕಾರ್ಡು ನಡೆಯದಿದ್ದಾಗ, ನಮ್ಮ ಕೈಯಲ್ಲಿ ಬಿಡಿಗಾಸೂ ಇರಲಿಲ್ಲ. ಅಂಗಡಿಯವರು ನಮ್ಮ ಮಗನ ಹೆಸರು ಹೇಳಿ, “ಹರ್ಲಿಂಗ್ ಆಡುವ ಹುಡುಗನ ಮನೆಯವರಲ್ಲವೇ” ಎಂದು ಪುಸ್ತಕದಲ್ಲಿ ಬರೆದುಕೊಂಡರು. ನಮ್ಮ ಚೆಕ್ಕು ಅದೇ ಆಗಿತ್ತು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನಮ್ಮಿಂದ ಆರು ಮೈಲಿ ದೂರದಲ್ಲಿ ನಮ್ಮವರದೇ ಒಂದು ಸಂಸಾರ ಇತ್ತು. ಬಂದು ಮೂರು ವಾರವಾಗಿತ್ತು. ಎಂಟು ತಿಂಗಳ ಕೂಸು. ಬಾಡಿಗೆ ಮನೆಯಲ್ಲಿ ಅಡಿಗೆಯೂ ವಿದ್ಯುತ್ತಿನದು, ಕಾವೂ ವಿದ್ಯುತ್ತಿನದು. ಅವರ ಬಳಿ ಹಣವಿಲ್ಲದೆ ಇರಲಿಲ್ಲ, ಅದೆಲ್ಲ ಕಾರ್ಡಿನಲ್ಲಿತ್ತು. ಅಂಗಡಿಯಲ್ಲಿ ಅವರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳಲು ಅಲ್ಲಿ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಲು ಸಂಕೋಚ. ಮಗುವಿಗೆ ಕೋಟು ತೊಡಿಸಿ ಕಾರಿನಲ್ಲಿ ಕೂರಿಸಿಕೊಂಡು, ಎಣ್ಣೆ ಇರುವಷ್ಟು ಹೊತ್ತು ಎಂಜಿನ್ ಓಡಿಸಿ ಕಾವು ಪಡೆದರಂತೆ. ನಮಗೆ ಸುದ್ದಿ ತಿಳಿದದ್ದು ಐದನೆಯ ದಿನ, ಅದೂ ಆಸ್ಪತ್ರೆಯ ದಾದಿಯೊಬ್ಬರ ಬಾಯಿಂದ. ಕರೆತಂದೆವು, ದೇವರ ದಯೆಯಿಂದ ಮಗು ಚೆನ್ನಾಗಿದೆ. ಆದರೆ ನಮ್ಮ ಬಾಣಲೆಯಲ್ಲಿ ಉಪ್ಪಿಟ್ಟು ಮಿಕ್ಕು ನಾಯಿಗೆ ಹಾಕಿದ ದಿನ ಆರು ಮೈಲಿ ಆಚೆ ಆ ತಾಯಿ ತಣ್ಣನೆಯ ಬ್ರೆಡ್ಡು ತಿಂದಿದ್ದರು. ಅವರು ಬಂದದ್ದು ನಮಗೆ ಗೊತ್ತಿತ್ತು. ಸಂಕ್ರಾಂತಿಗೆ ಕರೆಯೋಣ ಎಂದುಕೊಂಡು ಮರೆತಿದ್ದೆವು. ಎಳ್ಳು ಬೆಲ್ಲ ಬೀರಲು ಒಂದು ಮನೆ ಕಡಿಮೆಯಾದರೇನು ಎಂದುಕೊಂಡದ್ದರ ಫಲ ಇದು.

ಅಂದು ಆ ಮನೆಗೆ ಬೇಕಾಗಿದ್ದದ್ದು ಅಟ್ಟದ ತುಂಬ ವಿಸ್ಕಿಯಲ್ಲ. ವಿಸ್ಕಿ ಇದ್ದರೂ ಅದನ್ನು ಹಿಡಿದು ಯಾರ ಬಾಗಿಲಿಗೆ ಹೋಗಬೇಕಿತ್ತು? ಸಾಟಿ ವ್ಯಾಪಾರಕ್ಕೂ ಮೊದಲು ಎದುರಿಗೆ ಒಬ್ಬ ಮನುಷ್ಯ ಬೇಕು. ಪರಿಚಯವಿಲ್ಲದವನ ಜೊತೆ ಅಂಥ ದಿನದಲ್ಲಿ ವ್ಯಾಪಾರವೂ ಕಷ್ಟ, ಕಾವಲೂ ಕಷ್ಟ. ಇಪ್ಪತ್ತು ಬಾಟಲಿ ಇರುವ ಸುದ್ದಿ ಹರಡಿದರೆ ಕಾಯುವವರು ಬೇಕಲ್ಲ, ಆ ಕಾವಲಿಗೂ ನೆರೆಯವರೇ ಬರಬೇಕು.

ಇದು ನಮ್ಮ ಹಿರಿಯರಿಗೆ ಹೊಸದಲ್ಲ. ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳಿಗೆಂದು ಕಟ್ಟಿಗೆ ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿ, ಹಲಸಿನ ತೊಳೆಯನ್ನು ಉಪ್ಪಿಗೆ ಹಾಕಿ, ಮಾವಿನ ಮಿಡಿ ಭರಣಿ ತುಂಬಿಸುತ್ತಿದ್ದರು. ಅದು ತಮ್ಮ ಊಟಕ್ಕೆ ಮತ್ತು ಹೊಳೆ ತುಂಬಿ ಸಿಕ್ಕಿಬಿದ್ದು ಬಂದ ನೆಂಟನಿಗೆ, ವ್ಯಾಪಾರಕ್ಕಲ್ಲ. ಕೆಲಸದ ಹೊತ್ತಿಗೆ ಮುಯ್ಯಾಳು ಇತ್ತು: ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಐರಿಷ್ ಹಳ್ಳಿಗಳಲ್ಲಿ ಇದಕ್ಕೆ ‘ಮೆಹಲ್’ ಎನ್ನುತ್ತಾರೆ. ಕೊಯ್ಲಿಗೆ, ಟರ್ಫ್ ಕಡಿಯಲು ಊರು ಸರದಿಯಲ್ಲಿ ಒಂದೊಂದು ಮನೆಗೆ ಬರುವುದು. ನಮ್ಮ ಪಕ್ಕದ ಯಜಮಾನರಿಗೆ ಮುಯ್ಯಾಳಿನ ವಿಷಯ ಹೇಳಿದಾಗ, ಹೊಸ ನೆಂಟಸ್ತನ ಸಿಕ್ಕವರಂತೆ ಕೈ ಕುಲುಕಿದರು. ಹಾಗೆಂದು ಹಳೆಯದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ಕಣದಲ್ಲಿ ಆಯ ಪಡೆಯುವ ಹನ್ನೆರಡು ಮಂದಿ ಆಯಗಾರರ ಪದ್ಧತಿಯಲ್ಲಿ ಹಣವಿಲ್ಲದೆ ಊರು ನಡೆಯಿತು ನಿಜ. ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಜಾತಿಯೇ ಗೆರೆ ಎಳೆದಿತ್ತೆಂಬುದೂ ನಿಜ. ಇಲ್ಲಿ ನಮಗೆ ಆ ಗೆರೆಯಿಲ್ಲದೆ ಮುಯ್ಯಿ ಮಾಡಿಕೊಳ್ಳುವ ಅವಕಾಶವಿದೆ.

ಹಾಗಾದರೆ ಏನನ್ನೂ ಇಟ್ಟುಕೊಳ್ಳುವುದೇ ಬೇಡವೇ? ಖಂಡಿತ ಬೇಕು, ಆದರೆ ಉಣ್ಣಲು ಮತ್ತು ಕೊಡಲು. ನಮ್ಮ ಮನೆಯಲ್ಲಿ ಈಗ ಇರುವುದು ಇಷ್ಟು: ಎರಡು ವಾರದ ಅಕ್ಕಿ, ಬೇಳೆ, ಅವಲಕ್ಕಿ, ರವೆ, ಹಾಲಿನ ಪುಡಿ, ಹಳೆಯದನ್ನು ಮೊದಲು ಬಳಸಿ ಹೊಸದನ್ನು ಹಿಂದಿಡುವುದರಿಂದ ಹುಳುವಿನ ಕಾಟ ತಪ್ಪಿದೆ. ತಲೆಗೆ ದಿನಕ್ಕೆ ಮೂರು ಲೀಟರಿನಂತೆ ಒಂದು ವಾರದ ಕುಡಿಯುವ ನೀರು. ಗ್ಯಾಸ್ ಒಲೆ ಮತ್ತು ನಾಲ್ಕು ಡಬ್ಬಿ. ಇದನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಿಟ್ಟುಕೊಂಡು ಮಲಗಬೇಡಿ, ಆ ಗಾಳಿಗೆ ವಾಸನೆಯಿಲ್ಲ, ಹಗೇವಿನ ಗಾಳಿಯಂತೆಯೇ ಕೊಲ್ಲುತ್ತದೆ. ಟಾರ್ಚು, ಸೆಲ್ಲಿನ ರೇಡಿಯೋ, ಫೋನಿಗೆ ಪವರ್ ಬ್ಯಾಂಕು. ದಿನಾ ನುಂಗುವ ಮಾತ್ರೆಗಳು. ಐದು, ಹತ್ತರ ನೋಟುಗಳಲ್ಲಿ ಇನ್ನೂರು ಯೂರೋ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ವಿದ್ಯುತ್ ಹೋದಾಗಲೂ ಚಿಲ್ಲರೆ ನೋಟಿದ್ದವರೇ ಬ್ರೆಡ್ಡು ಕೊಂಡರು. ಇವೆಲ್ಲ ಒಂದು ಕಪಾಟಿನಲ್ಲಿ ಹಿಡಿಸುತ್ತವೆ, ಅಟ್ಟ ಬೇಕಿಲ್ಲ.

ಉಳಿದದ್ದು ಜನರ ದಾಸ್ತಾನು. ನೆರೆಯ ಎರಡು ಮನೆಯವರ ಹೆಸರು ನಿಮಗೆ ಗೊತ್ತಿದೆಯೇ? ನಿಮ್ಮ ಹೆಸರು ಅವರಿಗೆ ಉಚ್ಚರಿಸಲು ಬರುತ್ತದೆಯೇ? ಉರ್ದು ಬಲ್ಲ ಆ ಕೈದಿಯನ್ನು ನೆನೆಯಿರಿ. ಪಕ್ಕದವರ ಜೊತೆ ಹವೆಯ ವಿಷಯ, ಹರ್ಲಿಂಗಿನ ವಿಷಯ ನಾಲ್ಕು ಮಾತಾಡುವುದು ಕಾಲಹರಣವಲ್ಲ. ಇವೆಲ್ಲ ಕಷ್ಟ ಬಂದ ದಿನ ಆರಂಭಿಸುವ ಕೆಲಸವಲ್ಲ. ಬಾವಿ ತೋಡುವುದು ಮನೆಗೆ ಬೆಂಕಿ ಬಿದ್ದಾಗಲ್ಲವಷ್ಟೆ.

ಅಟ್ಟದ ಮಿತ್ರರಿಗೆ ನಾವು ಕೊಟ್ಟ ಸಲಹೆ ಇದು: “ಸಾಟಿ ವ್ಯಾಪಾರವನ್ನು ಈಗಲೇ ಮುಗಿಸಿಬಿಡಿ ರಾಯರೇ. ಕ್ರಿಸ್‌ಮಸ್ಸಿಗೆ ಬೀದಿಯ ಇಪ್ಪತ್ತು ಮನೆಗೂ ಒಂದೊಂದು ಬಾಟಲಿ ಕೊಟ್ಟು ಬನ್ನಿ. ಬದಲಿಗೆ ಏನೂ ಕೇಳಬೇಡಿ.” ಅವರು ಮೊದಲು ಗೊಣಗಿದರು. ಡಿಸೆಂಬರಿನಲ್ಲಿ ಹನ್ನೊಂದು ಮನೆಗೆ ಹೋಗಿ ಬಂದರೆಂದು ಅವರ ಶ್ರೀಮತಿಯವರೇ ಫೋನು ಮಾಡಿ ತಿಳಿಸಿದರು. ಉಳಿದ ಒಂಬತ್ತು ಇನ್ನೂ ಅಟ್ಟದಲ್ಲೇ ಇವೆಯಂತೆ, ‘ಹೇಳೋಕಾಗಲ್ಲ’ ಎಂದು. ಇರಲಿ, ಇದೂ ಒಂದು ಆರಂಭವೇ.

ಕೊನೆಯದಾಗಿ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಹೊಸದಾಗಿ ಬಂದ ಕನ್ನಡದ ಮನೆ ಯಾವುದಾದರೂ ಇದ್ದರೆ, ಅವರು ಸಂಘದ ಸದಸ್ಯರಾಗಿರಲಿ, ಬಿಡಲಿ, ಅವರನ್ನು ಕೇಳಿ ಅವರ ಹೆಸರು, ಊರು, ಫೋನಿನ ಸಂಖ್ಯೆಯನ್ನು ಕಾರ್ಯದರ್ಶಿಗಳಿಗೆ ತಿಳಿಸಿ. ಬಿರುಗಾಳಿಯ ಎಚ್ಚರಿಕೆ ಬಂದ ಸಂಜೆಯೇ ಪಟ್ಟಿ ಹಿಡಿದು ಫೋನು ಮಾಡಲು ಪ್ರತಿ ಜಿಲ್ಲೆಗೂ ಇಬ್ಬರು ಬೇಕು. ಗಾಲ್ವೇಗೆ ನಾವಿಬ್ಬರೂ ಒಪ್ಪಿದ್ದೇವೆ. ಆ ಎಂಟು ತಿಂಗಳ ಕೂಸು ಈಗ ನಮ್ಮ ಮನೆಯ ತುಂಬ ಓಡಾಡುತ್ತದೆ. ಅದನ್ನು ಕಂಡಾಗಲೆಲ್ಲ ನಮಗೆ ಆ ಐದು ದಿನಗಳ ಲೆಕ್ಕ ನೆನಪಾಗುತ್ತದೆ. ಇನ್ನೊಂದು ಮನೆಯ ವಿಷಯದಲ್ಲಿ ಹಾಗಾಗದಿರಲಿ.